ಘಾಟು ಹತ್ತದ ದಿನ

ನೀಲಗಂಗವ್ವನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ನಳದ ನೀರು ತಡವಾಗಿ ಬಂದರೆ ಬರುತ್ತಿತ್ತು, ಬೇಗ ಬಂದರೂ ಬರುತ್ತಿತ್ತು. ಬ್ಯಾಡಗಿಯಲ್ಲಿ ಆಕೆಯ ಓಣಿಯವರು ಬೆಳಿಗ್ಗೆ ಆ ದನಿ ಕೇಳಿದ ಮೇಲೆಯೇ ದಿನ ಶುರುವಾಯಿತೆಂದು ತಿಳಿಯುತ್ತಿದ್ದರು. ಒಂದು ದಿನ ಕೇಳಿಸದಿದ್ದರೆ ಮೈಗೆ ಹುಷಾರಿಲ್ಲವೇನೋ ಎಂದು ಯಾರಾದರೂ ಬಾಗಿಲಲ್ಲಿ ಇಣುಕುತ್ತಿದ್ದರು, ಇಣುಕಿದ್ದಕ್ಕೆ ಬೈಸಿಕೊಂಡು ಹೋಗುತ್ತಿದ್ದರು. ಆದರೆ ಕೊರೊನಾದ ಎರಡನೆಯ ವರ್ಷ ಆಕೆಗೆ ಬಂದ ಸಿಟ್ಟಿನ ಜಾತಿಯೇ ಬೇರೆ. ಅದಕ್ಕೆ ಕಾರಣವಿತ್ತು.

ಆಕೆಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಸಣ್ಣವಳಿದ್ದಾಗ ಹೊಲದಲ್ಲಿ ಜೋಳದ ಒಣ ರವದಿಯೆಲೆ ಹೊಡೆದು ಹೋಗಿತ್ತು. ಉಳಿದ ಬಲಗಣ್ಣೊಂದನ್ನೇ ನಂಬಿಕೊಂಡು ಮದುವೆಯಾದಳು, ಮಗಳನ್ನು ಹೆತ್ತಳು, ಗಂಡನನ್ನು ಮಣ್ಣು ಮಾಡಿದಳು, ಮೂವತ್ತು ವರ್ಷ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕಾಯಿ ಆರಿಸಿದಳು. ರಾಶಿಯ ಮುಂದೆ ಕೂತು ತೊಟ್ಟು ಮುರಿಯುವುದು, ಬಣ್ಣಗೆಟ್ಟ ಬಿಳಿಗಾಯಿಯನ್ನು ಬೇರೆ ಮಾಡುವುದು, ಕೆಂಪು ಕಾಯಿಯನ್ನು ಬುಟ್ಟಿಗೆ ಹಾಕುವುದು. ಆ ಕೆಲಸಕ್ಕೆ ಕಣ್ಣು ಬೇಕು. ಅದೇ ಕಣ್ಣು ಆ ಚಳಿಗಾಲದಿಂದ ಮಸುಕಾಗತೊಡಗಿತ್ತು. ಮೊದಲು ಟಿವಿಯ ಕೆಳಗೆ ಓಡುವ ಅಕ್ಷರ ಹೋಯಿತು, ಆಮೇಲೆ ಅಕ್ಕಿಯಲ್ಲಿಯ ಹರಳು, ಆಮೇಲೆ ಬುಟ್ಟಿಯೊಳಗಿನ ಬಿಳಿಗಾಯಿ.

ಒಂದು ದಿನ ಅಂಗಡಿಯ ಸಾವಕಾರ ವಿಜಯಮಹಾಂತೇಶ ಆಕೆ ಆರಿಸಿದ ಬುಟ್ಟಿಯನ್ನು ಎಲ್ಲರೆದುರು ಚಾಪೆಯ ಮೇಲೆ ಸುರಿದ.

"ನೀಲಗಂಗವ್ವಾ, ಇದರಾಗ ಅರ್ಧಕ್ಕರ್ಧ ಬಿಳಿಗಾಯಿ ಅದಾವ. ಖರೀದಿದಾರ ನನ್ನ ಮುಖಕ್ಕ ಉಗುಳ್ಯಾನು. ಕಣ್ಣು ತೋರಿಸ್ಕೊಂಡು ಕನ್ನಡಕ ಹಾಕ್ಕೊಂಡು ಬಾ. ಇಲ್ಲಾಂದ್ರ ಮನ್ಯಾಗ ಕುಂದ್ರು."

ಎದುರಿಗಿದ್ದ ಹೆಂಗಸರು ತಲೆ ತಗ್ಗಿಸಿದರು. ನೀಲಗಂಗವ್ವ ತಗ್ಗಿಸಲಿಲ್ಲ. "ಮೂವತ್ತು ವರ್ಷ ಆರಿಸೇನಿ, ಒಂದ ಬುಟ್ಟಿ ಸುರುವಿ ತೋರಸ್ತೀರೇನು?" ಎಂದು ಜೋರು ಮಾಡಿದಳು. ಆದರೆ ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದಳು. ಪೂರ್ತಿ ಕತ್ತಲೆ. ಈ ಕಣ್ಣೂ ಹೋದರೆ ಇಡೀ ಬದುಕು ಹೀಗೇ ಎಂದು ಗೊತ್ತಾಯಿತು. ಆಕೆ ಹೆದರಿದ್ದು ಅಂದೇ. ಹೆದರಿಕೆಯನ್ನು ಯಾರಿಗೂ ತೋರಿಸುವುದು ಗೊತ್ತಿರಲಿಲ್ಲವಾದ್ದರಿಂದ ಮಗಳು ಪುಷ್ಪಲತಾ ಝೆರಾಕ್ಸ್ ಅಂಗಡಿಯ ಕೆಲಸ ಮುಗಿಸಿ ಮನೆಗೆ ಬಂದಾಗ, ಚಪ್ಪಲಿ ಸೊಟ್ಟ ಬಿಟ್ಟಿದ್ದಕ್ಕೆ ಆಕೆಗೆ ಬೈದಳು.

ಮಗಳೇ ಹಾವೇರಿಗೆ ಕರೆದುಕೊಂಡು ಹೋದಳು. ಅಲ್ಲೊಂದು ಕಣ್ಣಿನ ದವಾಖಾನೆ. ಬಾಗಿಲಲ್ಲಿ ಕೈಗೆ ಸುರಿದ ಔಷಧಿ, ಹಣೆಗೆ ಹಿಡಿದ ಜ್ವರ ನೋಡುವ ಯಂತ್ರ, ಒಂದು ಬಿಟ್ಟು ಒಂದು ಕುರ್ಚಿಗೆ ಪಟ್ಟಿ ಬಡಿದ ಸಾಲು. ಎಲ್ಲ ಸರಿಯಾಗಿತ್ತು. ನೀಲಗಂಗವ್ವ ಕೂತಳು. ಕೂತು ಸೆರಗು ಸರಿಮಾಡಿಕೊಂಡಳು. ಸೀರೆಯ ನೆರಿಗೆಯಲ್ಲಿದ್ದ ಮೆಣಸಿನಕಾಯಿಯ ಧೂಳು ಮೂಗಿಗೆ ಹತ್ತಿ ಕೆಮ್ಮು ಬಂತು.

ಬ್ಯಾಡಗಿಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಸೀಸನ್ನಿನಲ್ಲಿ ಊರಿಗೆ ಊರೇ ಕೆಮ್ಮುತ್ತದೆ, ಸೀನುತ್ತದೆ, ಮಾತಿನ ನಡುವೆ ಕಣ್ಣೊರೆಸಿಕೊಂಡು ಮಾತು ಮುಂದುವರಿಸುತ್ತದೆ. ಬಸ್ಸಿನಲ್ಲಿ ನಿದ್ದೆ ಹತ್ತಿದವರು ಸೀನು ಬಂತೆಂದರೆ ಊರು ಬಂತೆಂದು ಏಳುತ್ತಾರೆ. ಘಾಟು ಹತ್ತಿತು ಅಂದರೆ ಮುಗಿಯಿತು, ಅದರ ಮೇಲೆ ಪ್ರಶ್ನೆಯಿಲ್ಲ. ಆದರೆ ಇದು ಹಾವೇರಿ. ನೀಲಗಂಗವ್ವ ಎರಡನೆಯ ಸಲ ಕೆಮ್ಮುವಷ್ಟರಲ್ಲಿ ಆಚೆಯ ಕುರ್ಚಿಯವರು ಎದ್ದಿದ್ದರು, ಮೂರನೆಯ ಸಲಕ್ಕೆ ಇಡೀ ಸಾಲು ಖಾಲಿ. ಎರಡು ಮಾಸ್ಕು ಹಾಕಿಕೊಂಡ ಒಬ್ಬ ದೊಡ್ಡ ಮನುಷ್ಯ ಗೋಡೆಗೆ ಬೆನ್ನು ಹಚ್ಚಿ ನಿಂತು, "ಇಂಥವರನ್ನ ಒಳಗ ಹೆಂಗ ಬಿಟ್ರಿ?" ಎಂದು ಕೌಂಟರಿನ ಕಡೆ ಕೂಗಿದ.

"ಇಂಥವರು ಅಂದ್ರ ಎಂಥವರೋ?" ನೀಲಗಂಗವ್ವ ಎದ್ದೇ ಬಿಟ್ಟಳು. "ಇದು ಕೊರೊನಾ ಕೆಮ್ಮಲ್ಲ, ಬ್ಯಾಡಗಿ ಕೆಮ್ಮು! ನಿಮ್ಮನಿ ಸಾರಿಗೆ ಬಣ್ಣ ಬರೂದು ಈ ಕೆಮ್ಮಿನಿಂದನ, ತಿಳೀತಿಲ್ಲೋ?"

ಕೌಂಟರಿನ ಹೆಂಗಸು ಓಡಿ ಬಂದಳು. ಆಕೆಯ ಮಾಸ್ಕು ಗದ್ದದ ಕೆಳಗಿತ್ತು. "ಅವ್ವಾರ, ಹೊರಗ ನಡೀರಿ. ಗಂಟಲದ್ದು ಟೆಸ್ಟ್ ಮಾಡಿಸ್ಕೊಂಡು ಬರ್ರಿ."

ಮಾಡಿಸಿಕೊಂಡಳು. ಮೂಗಿನೊಳಗೆ ಕಡ್ಡಿ ತುರುಕಿಸಿಕೊಂಡು, ಕೊರೊನಾ ಇಲ್ಲ ಎಂದು ಬರೆದ ಕಾಗದ ಹಿಡಿದುಕೊಂಡು ಮತ್ತೆ ಹಾವೇರಿಗೆ ಹೋದಳು. ಬಾಗಿಲಲ್ಲೇ ಕೆಮ್ಮು ಬಂತು. ಅದೇ ಹೆಂಗಸು ಕಾಗದವನ್ನು ದೂರದಿಂದಲೇ ನೋಡಿ, "ಇದು ಮೊನ್ನಿಂದು. ಇವತ್ತಿಂದು ಯಾರು ಹೇಳಬೇಕ್ರಿ? ಕೆಮ್ಮು ನಿಂತ ಮ್ಯಾಲ ಬರ್ರಿ" ಎಂದಳು.

"ನನ್ನ ಕೆಮ್ಮು ನಿಲ್ಲೂದು ನನ್ನ ಕುಣ್ಯಾಗ ಇಟ್ಟ ಮ್ಯಾಲ!" ಎಂದು ನೀಲಗಂಗವ್ವ ಕಿರುಚಿದ್ದು ರಸ್ತೆಯ ಆಚೆಗೂ ಕೇಳಿಸಿತು. ಪುಷ್ಪಲತಾ ತೋಳು ಹಿಡಿದು ಎಳೆದಳು. ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಜಾಗ ಉಳಿದಿದ್ದರೂ ತಾಯಿ ಮಗಳ ಪಕ್ಕ ಯಾರೂ ಕೂರಲಿಲ್ಲ. ಕಂಡಕ್ಟರ್ ಟಿಕೆಟ್ಟನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಚಾಚಿದ. ನೀಲಗಂಗವ್ವನಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ಒಂದು ವರ್ಷದಿಂದ ಹೀಗೇ ನಡೆದಿತ್ತು. ಕಿರಾಣಿ ಅಂಗಡಿಯಲ್ಲಿ ದೂರ, ಬ್ಯಾಂಕಿನಲ್ಲಿ ದೂರ, ಹಾವೇರಿಯ ಬೀಗರ ಮನೆಯ ಮದುವೆಯಲ್ಲಿ ಊಟದ ಎಲೆಯೇ ದೂರ. ದೂರ ನಿಲ್ಲು ಅನ್ನುವವರ ಬಾಯಿಗೆ ಖಾರ ತುಂಬಬೇಕು ಅನ್ನಿಸುತ್ತಿತ್ತು. ಮೈ ತೊಳೆದುಕೊಂಡು, ಸೀರೆ ಒಗೆದು ಬಿಸಿಲಿಗೆ ಹಾಕಿಕೊಂಡು, ಯಾರಿಗೂ ಕೆಟ್ಟದ್ದು ಬಯಸದೆ ದುಡಿದು ತಿನ್ನುವ ಮನುಷ್ಯಳು ತಾನು. ತನ್ನನ್ನು ಕಂಡು ಜನ ಯಾಕೆ ಗೋಡೆಗೆ ಅಂಟಿಕೊಳ್ಳಬೇಕು?

ಅಂದು ಮನೆಗೆ ಬಂದವಳೇ ದೇವರ ಮುಂದೆ ನಿಂತು ಕದರಮಂಡಲಗಿಯ ಹನುಮಪ್ಪನಿಗೆ ಹೇಳಿಕೊಂಡಳು. ಅದು ಕೇಳಿಕೊಂಡ ಹಾಗೆ ಇರಲಿಲ್ಲ, ಗದರಿದ ಹಾಗಿತ್ತು. ಈ ಕೆಮ್ಮೊಂದನ್ನು ನಿಲ್ಲಿಸಿಕೊಡು, ಕಣ್ಣು ತೋರಿಸಿಕೊಂಡು ಬರುವಷ್ಟು ಹೊತ್ತು ನಿಲ್ಲಿಸಿದರೂ ಸಾಕು, ಎಣ್ಣೆ ತಂದು ಸುರಿಯುತ್ತೇನೆ ಅಂದಳು.

ಹೋಳಿ ಹುಣ್ಣಿಮೆ ಕಳೆದ ವಾರ ಕೆಮ್ಮು ನಿಂತಿತು.

ನಿಂತಿತು ಅಂದರೆ ಪೂರ್ತಿ ನಿಂತಿತು. ಬೆಳಿಗ್ಗೆ ಎದ್ದಾಗ ಮೈ ಒಂದಿಷ್ಟು ಭಾರ ಅನ್ನಿಸಿದ್ದು ಬಿಸಿಲಿನ ಧಗೆಗೆ ಇರಬೇಕು ಎಂದುಕೊಂಡಳು. ಕನ್ನಡಕ ಬರುವ ತನಕ ಬರೀ ತೊಟ್ಟು ಮುರಿಯಲು ಸಾವಕಾರ ಒಪ್ಪಿದ್ದ. ಸಂಜೆಯತನಕ ರಾಶಿಯ ಮುಂದೆ ಕೂತರೂ ಒಂದು ಸೀನಿಲ್ಲ. ಅಕ್ಕಪಕ್ಕದವರು ಸೆರಗು ಮೂಗಿಗೆ ಕಟ್ಟಿಕೊಂಡು ಕಣ್ಣೀರು ಸುರಿಸುತ್ತಿದ್ದರೆ ಈಕೆ ಆರಾಮಾಗಿ ಹಾಡಿಕೊಂಡು ಕೂತಿದ್ದಳು. "ಹನುಮಪ್ಪ ಕೇಳಿದ ನೋಡ್ರಬೇ!" ಎಂದು ಎಲ್ಲರಿಗೂ ಸಾರಿದಳು. ಯಾರೋ ರಾಣೇಬೆನ್ನೂರಿನ ಒಂದು ಕನ್ನಡಕದ ಅಂಗಡಿಯ ಹೆಸರು ಹೇಳಿದರು, ಅಲ್ಲಿ ಫರ್ಹಾನಾ ಅನ್ನುವ ಹುಡುಗಿ ಕಣ್ಣು ನೋಡುತ್ತಾಳೆ, ಕೈಗುಣ ಒಳ್ಳೆಯದು ಅಂದರು. ಮರುದಿನವೇ ನೀಲಗಂಗವ್ವ ಒಬ್ಬಳೇ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೂ ಕೆಮ್ಮಿಲ್ಲ. ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ಕೂತಳು. ಕೂತದ್ದಕ್ಕೇ ನೀಲಗಂಗವ್ವನಿಗೆ ಕಣ್ಣು ತುಂಬಿತು.

ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಒಂದು ಸ್ಟೂಲು ಇಟ್ಟಿತ್ತು. ಅದರಾಚೆ ಫರ್ಹಾನಾ ನಿಂತಿದ್ದಳು. ತಲೆಗೆ ಬಿಗಿದ ಓಢಣಿ, ಮೂಗಿನ ಮೇಲೆ ಸರಿಯಾಗಿ ಕೂತ ಮಾಸ್ಕು, ಮುಖದ ಮುಂದೆ ಪಾರದರ್ಶಕ ಹಾಳೆ. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ.

"ಒಳಗ ಬರೂಕಿಂತ ಮೊದಲ ನಾಕ ಮಾತು ಕೇಳ್ತೇನ್ರಿ ಅವ್ವಾರ. ಜ್ವರ?"

"ಇಲ್ಲ."

"ಕೆಮ್ಮು?"

"ಇಲ್ಲ! ಒಂದ ಕೆಮ್ಮು ಕೇಳಿದ್ಯೇನು ನೀ? ಇಲ್ಲೇ ನಿಂತೇನಿ, ಕೇಳು!"

"ಸಿಟ್ಟಾಗಬ್ಯಾಡ್ರಿ. ಎಲ್ಲಾರಿಗೂ ಕೇಳ್ತೇನಿ. ನಮ್ಮಮ್ಮಗ ಶುಗರ್ ಐತಿ, ಕಿಡ್ನಿನೂ ಸರಿ ಇಲ್ಲ. ಮನ್ಯಾಗ ನಾವು ಇಬ್ಬರ. ನಾ ಏನರ ಹೊತ್ತುಕೊಂಡ ಹೋದ್ರ ಅಕಿಗೇ ಹತ್ತತೈತಿ. ಅದಕ್ಕ ಕೇಳೂದು. ವಾಸನಿ, ರುಚಿ ಬರತಾವಿಲ್ರಿ?"

ನೀಲಗಂಗವ್ವನಿಗೆ ಹಾವೇರಿ ನೆನಪಾಯಿತು, ಕಾಗದ ನೆನಪಾಯಿತು, ಮೈಯೆಲ್ಲ ಉರಿಯಿತು. "ಮೂಗು ಅಂದ್ರ ಬ್ಯಾಡಗ್ಯಾಕಿನ್ನ ಕೇಳ್ತೀಯೇನು? ಮೂವತ್ತು ವರ್ಷ ಘಾಟಿನಾಗ ಕುಂತ ಮೂಗಿದು! ನಿಮ್ಮ ಪ್ಯಾಟಿ ಮೂಗಿನಕಿಂತ ನೆಟ್ಟಗೈತಿ. ನಾ ಸುಳ್ಳ ಹೇಳಾಕಿ ಅಲ್ಲ, ತಿಳಕೋ."

ಮಾಸ್ಕಿನ ಹಿಂದೆ ಹುಡುಗಿ ನಕ್ಕಿದ್ದು ಕಣ್ಣಲ್ಲಿ ಗೊತ್ತಾಯಿತು. "ಆತ್ರಿ, ತಪ್ಪಾತು. ಒಳಗ ಬರ್ರಿ" ಎಂದು ಸ್ಟೂಲು ಸರಿಸಿದಳು.

ಆ ಒಳಗೆ ಬರ್ರಿ ಅನ್ನುವ ಎರಡು ಮಾತಿಗಾಗಿ ನೀಲಗಂಗವ್ವ ಎಷ್ಟು ಬಸ್ಸು ಹತ್ತಿ ಇಳಿದಿದ್ದಳು! ಕುರ್ಚಿಯ ಮೇಲೆ ಕೂತಳು. ಫರ್ಹಾನಾ ಗಾಜು ಸಿಕ್ಕಿಸಿ ನೋಡುವ ಕಬ್ಬಿಣದ ಚೌಕಟ್ಟನ್ನು ಅರಳೆಯಿಂದ ಒರೆಸಿದಳು, ಒಂದೊಂದು ಗಾಜನ್ನೂ ಆಕೆಯ ಕಣ್ಣೆದುರೇ ಸ್ಪಿರಿಟ್ ಹಚ್ಚಿ ಒರೆಸಿದಳು. ಹಚ್ಚಿದ್ದು ಸ್ಪಿರಿಟ್ ಎಂದು ಹುಡುಗಿ ಹೇಳಿದ್ದರಿಂದಲೇ ನೀಲಗಂಗವ್ವನಿಗೆ ಗೊತ್ತಾದದ್ದು. ಚೌಕಟ್ಟು ಮೂಗಿನ ಮೇಲೆ ಕೂತಿತು. ಆದರೆ ಮಾಸ್ಕಿನೊಳಗಿನ ಉಸಿರು ಮೇಲೆದ್ದು ಗಾಜಿನ ಮೇಲೆಲ್ಲ ಹಬೆ ಕೂತು, ಗೋಡೆಯ ಮೇಲಿನ ಅಕ್ಷರವಿರಲಿ, ಗೋಡೆಯೇ ಕಾಣದಾಯಿತು.

"ಮಾಸ್ಕ್ ತಗೀಲೇನು?"

"ಬ್ಯಾಡ್ರಿ ಬ್ಯಾಡ್ರಿ, ತಡೀರಿ. ಮುಖಾ ಮುಟ್ಟಲೇನ್ರಿ ಅವ್ವಾರ?"

ಮುಟ್ಟಲೇ ಎಂದು ಕೇಳಿದ್ದಕ್ಕೆ ನೀಲಗಂಗವ್ವ ತಲೆಯಾಡಿಸಿದಳು. ಹುಡುಗಿ ಗಾಯಕ್ಕೆ ಹಚ್ಚುವ ಅಂಟುಪಟ್ಟಿ ಹರಿದು, ಮಾಸ್ಕಿನ ಮೇಲಂಚನ್ನು ಮೂಗಿಗೂ ಕೆನ್ನೆಗೂ ಸೇರಿಸಿ ಮೆತ್ತಗೆ ಒತ್ತಿ ಕೂರಿಸಿದಳು. ಒಂದು ವರ್ಷದಿಂದ ಆ ಮುಖವನ್ನು ಹೊರಗಿನವರು ಯಾರೂ ಮುಟ್ಟಿರಲಿಲ್ಲ. ಹಾವೇರಿಯಲ್ಲಿ ಯಂತ್ರ ಹಣೆಗೆ ಹಿಡಿದವಳೂ ಮುಖ ಆಚೆ ತಿರುಗಿಸಿಕೊಂಡೇ ಹಿಡಿದಿದ್ದಳು. ನೀಲಗಂಗವ್ವ ಕಣ್ಣು ಮುಚ್ಚಿಕೊಂಡು ಕೂತಳು. ಆಕೆಯ ಹೆಗಲು ತಾನಾಗಿಯೇ ಕೆಳಗಿಳಿಯಿತು. ಇಲ್ಲಿ ತನಗೇನೂ ಆಗುವುದಿಲ್ಲ ಅನ್ನಿಸಿತು. ಹುಡುಗಿ ಗೇಣು ದೂರದಲ್ಲಿ ಬಾಗಿ ಗಾಜು ಬದಲಿಸಿದಳು. ಹಬೆಯಿರಲಿಲ್ಲ.

"ಈಗ ಹೇಳ್ರಿ. ಮ್ಯಾಲಿನ ಸಾಲು?"

"ಗ. ರ. ಅದು ಳ."

"ಇದು ಚಲೋನೋ, ಇದು ಚಲೋನೋ?"

"ಮೊದಲಿಂದ."

ಹೀಗೆ ಬಹಳ ಹೊತ್ತು. ಹುಡುಗಿಗೆ ಅವಸರವಿರಲಿಲ್ಲ. ಮುಖದ ಮುಂದಿನ ಹಾಳೆ ಅಡ್ಡ ಬರುತ್ತದೆಂದು ಒಂದೆರಡು ಸಲ ಅದನ್ನು ತಲೆಯ ಮೇಲಕ್ಕೆ ಎತ್ತಿ, ಟಾರ್ಚು ಹಿಡಿದು ಕಣ್ಣೊಳಗೆ ನೋಡಿದಳು. ಕೊನೆಗೆ, "ಪೊರಿ ಈಗ ಶುರು ಆಗೈತ್ರಿ, ಅಂಜಬ್ಯಾಡ್ರಿ. ಈಗ ನಂಬರಿನ ಕನ್ನಡಕದಾಗ ಎಲ್ಲಾ ಕಾಣ್ತೈತಿ. ಕಣ್ಣು ಹೋಗೂದಿಲ್ಲ" ಎಂದಳು. ನೀಲಗಂಗವ್ವ ಹುಡುಗಿಯ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು. ಫರ್ಹಾನಾ ಕೈ ಬಿಡಿಸಿಕೊಳ್ಳಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ಎಷ್ಟು ಚಂದವಿತ್ತು! ನೀಲಗಂಗವ್ವ ಊರ ತುಂಬ ಹಾವೇರಿಯವರನ್ನು ಬೈದುಕೊಂಡು, ರಾಣೇಬೆನ್ನೂರನ್ನು ಹೊಗಳಿಕೊಂಡು ಇರುತ್ತಿದ್ದಳು.

ಮಧ್ಯಾಹ್ನ ಮನೆಗೆ ಬಂದಾಗ ಪುಷ್ಪಲತಾ ವರ್ಷದ ಮಸಾಲೆ ಖಾರಕ್ಕೆಂದು ಹಿತ್ತಲ ಒಲೆಯ ಮೇಲೆ ಮೆಣಸಿನಕಾಯಿ ಹುರಿಯುತ್ತಿದ್ದಳು. ಬೇಸಿಗೆಯಲ್ಲಿ ಯಾರ ಮನೆಯಲ್ಲಿ ಖಾರ ಹುರಿದರೂ ಓಣಿಗೆಲ್ಲ ಗೊತ್ತಾಗುತ್ತದೆ. ಪಕ್ಕದ ಮನೆಯ ಜೈತೂನಬಿ ಆಗಲೇ ಕೆಮ್ಮುತ್ತ ಕಿಟಕಿ ಮುಚ್ಚಿಕೊಂಡಿದ್ದಳು. ನೀಲಗಂಗವ್ವ ಮಗಳ ಕೈಯಿಂದ ಸೌಟು ಕಸಿದುಕೊಂಡಳು, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹುರಿಯುತ್ತ ಹಾವೇರಿಯ ದವಾಖಾನೆಯ ಮೂರು ತಲೆಮಾರನ್ನು ಜಾಲಾಡತೊಡಗಿದಳು. "ನೋಡಬೇ, ಆ ಹುಡುಗಿ ಮುಖಾ ಮುಟ್ಟಿ ನೋಡಿದ್ಲು. ಮುಟ್ಟಿ! ಇವರು ಎರಡ ಬೆರಳಿನ್ಯಾಗ ಹಿಡೀತಾರ. ಇವರ ಕೈಗೆ ಹುಳಾ ಬೀಳ್ಲಿ..."

ಪುಷ್ಪಲತಾ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಹಿತ್ತಲ ಗೋಡೆಯತನಕ ಹಿಂದೆ ಸರಿದಿದ್ದಳು. ಕಣ್ಣೀರು ಮೂಗಿನ ನೀರು ಒಂದಾಗಿ ಇಳಿಯುತ್ತಿತ್ತು. ಕೆಮ್ಮಿನ ನಡುವೆಯೇ ಕೇಳಿದಳು, "ಯವ್ವಾ, ನಿನಗ ಘಾಟು ಹತ್ತವಲ್ದೇನು?"

"ಹನುಮಪ್ಪನ ದಯಾ..." ಎಂದು ಶುರುಮಾಡಿದ ಮಾತು ಅಲ್ಲೇ ನಿಂತಿತು.

ಬಾಣಲೆಯಿಂದ ನೀಲಿ ಹೊಗೆ ನೆಟ್ಟಗೆ ಆಕೆಯ ಮುಖಕ್ಕೇ ಬರುತ್ತಿತ್ತು. ಆಕೆ ಅದನ್ನೇ ನೋಡಿದಳು. ಮೂಗನ್ನು ಇನ್ನೂ ಹತ್ತಿರ ಒಯ್ದು ಜೋರಾಗಿ ಎಳೆದುಕೊಂಡಳು. ಏನೂ ಇಲ್ಲ. ಬರೀ ಬಿಸಿ.

"ಇವು ಹಳೇ ಕಾಯಿ" ಎಂದಳು, ದನಿ ಏರಿಸಿ. "ಕೋಲ್ಡ್ ಸ್ಟೋರೇಜಿನ ಕಾಯಿ ಹಾಕ್ಯಾನ ಆ ಸಾವಕಾರ, ಘಾಟೇ ಇಲ್ಲ ಇವಕ್ಕ!"

ಪುಷ್ಪಲತಾ ಕೆಮ್ಮುತ್ತಲೇ ಇದ್ದಳು. ಆ ಕೆಮ್ಮೇ ಉತ್ತರವಾಗಿತ್ತು. ನೀಲಗಂಗವ್ವ ಎದ್ದು ಒಳಗೆ ಹೋದಳು. ಬಳ್ಳುಳ್ಳಿ ಜಜ್ಜಿ ಮೂಸಿದಳು. ಚಿಮಣಿ ಎಣ್ಣೆಯ ಡಬ್ಬಿ ಮೂಸಿದಳು. ಕರ್ಪೂರ, ಹಲ್ಲುಪುಡಿ, ಮೂಲೆಯಲ್ಲಿದ್ದ ಹಸಿ ಚಪ್ಪಲಿ, ಕೈಗೆ ಸಿಕ್ಕಿದ್ದೆಲ್ಲವನ್ನೂ ಮೂಸಿದಳು. ಹೋಳಿಯಿಂದ ಇತ್ತೀಚೆಗೆ ಸಾರಿಗೆ ಉಪ್ಪಿಲ್ಲ ಹುಳಿಯಿಲ್ಲ ಎಂದು ಮಗಳಿಗೆ ದಿನಾ ಬೈಯುತ್ತಿದ್ದದ್ದು ನೆನಪಿಗೆ ಬಂತು. ನಡುಮನೆಯ ಕಂಬಕ್ಕೆ ಒರಗಿ ಕೂತಳು.

ಆ ಹುಡುಗಿ ಕೇಳಿದ್ದಳು. ಬಾಗಿಲಲ್ಲಿ ನಿಲ್ಲಿಸಿ, ತಾಯಿಯ ಕಾಯಿಲೆಯನ್ನೂ ಹೇಳಿ ಕೇಳಿದ್ದಳು. ತಾನು ಸುಳ್ಳು ಹೇಳಿರಲಿಲ್ಲ, ಖರೆ. ಆದರೆ ನಿಜವನ್ನೂ ಹೇಳಿರಲಿಲ್ಲ. ಒಂದು ಗಳಿಗೆ ಸುಮ್ಮನಿದ್ದು ಮೂಗನ್ನು ಕೇಳಿ ನೋಡಿದ್ದರೆ ಗೊತ್ತಾಗುತ್ತಿತ್ತು. ಮೂಗಿನ ಬದಲು ಸಿಟ್ಟು ಉತ್ತರ ಕೊಟ್ಟಿತ್ತು.

"ಹಲ್ಕಟ್ ಬಾಯಿ ನಂದು" ಎಂದು ಅಂಗೈಯಿಂದ ಬಾಯಿಗೆ ಬಡಿದುಕೊಂಡಳು. ಮತ್ತೆ ಬಡಿದುಕೊಂಡಳು. ಪುಷ್ಪಲತಾ ಓಡಿ ಬಂದು ಕೈ ಹಿಡಿಯಲು ಹೋದರೆ, "ಹತ್ರ ಬರಬ್ಯಾಡ! ದೂರ ನಿಂದ್ರು!" ಎಂದು ಚೀರಿದಳು. ಆ ಮಾತು ತನ್ನ ಬಾಯಿಂದಲೇ ಬಂದದ್ದನ್ನು ಕೇಳಿ ಆಕೆಗೆ ಅಳು ಬಂತು.

ಮಗಳು ಮೊದಲು ಫೋನು ಮಾಡಿದ್ದು ಸಾವಕಾರನಿಗೆ. ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಬೇಕಾಗಿತ್ತಲ್ಲ. ವಿಜಯಮಹಾಂತೇಶ ಪೂರ್ತಿ ಕೇಳಿಸಿಕೊಂಡು ದನಿ ತಗ್ಗಿಸಿದ. ಫೋನಿನ ಸ್ಪೀಕರಿನಲ್ಲಿ ಅವನ ಮಾತು ಮನೆ ತುಂಬ ಕೇಳಿಸಿತು.

"ಯಾರಿಗೂ ಹೇಳಬ್ಯಾಡ್ರಿ. ಸೀಸನ್ ಐತಿ, ಅಂಗಡಿ ಸೀಲ್ ಮಾಡ್ತಾರ. ನಿಮ್ಮವ್ವನ್ನ ಮನ್ಯಾಗ ಮಲಗಿಸು, ನೆಗಡಿ ಅನ್ನು."

"ಆ ರಾಣೇಬೆನ್ನೂರ ಹುಡುಗಿಗೆ ಹೇಳಬೇಕ್ರಿ" ಎಂದಳು ನೀಲಗಂಗವ್ವ, ಕಂಬದ ಹತ್ತಿರದಿಂದಲೇ.

"ಹುಚ್ಚಿ ಆಗೀದಿಯೇನು? ಅಕಿ ನಿನಗ ಏನ ಆಗ್ಬೇಕು? ಹೇಳಿದಿ ಅಂದ್ರ ನಿನ್ನ ಇನ್ನೊಮ್ಮೆ ಬಾಗಲಾ ತುಳಸೂದಿಲ್ಲ ಅಕಿ. ಕನ್ನಡಕಾನೂ ಇಲ್ಲ, ಕಣ್ಣೂ ಇಲ್ಲ. ಕೆಲಸಾನೂ ಇಲ್ಲ, ತಿಳೀತಿಲ್ಲೋ? ಸುಮ್ನ ಇರು."

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಹಾವೇರಿ ಮುಚ್ಚಿತ್ತು. ಆಕೆಯನ್ನು ಒಳಗೆ ಬಿಟ್ಟ ಬಾಗಿಲು ಅದೊಂದೇ. ಆ ಬಾಗಿಲು ಮುಚ್ಚಿದರೆ ಕನ್ನಡಕ ಎಲ್ಲಿಂದ ತರುವುದು, ಬೆಳೆಯುವ ಪೊರೆಯನ್ನು ಯಾರಿಗೆ ತೋರಿಸುವುದು? ಕೂತಲ್ಲೇ ನೀಲಗಂಗವ್ವ ಬಲಗಣ್ಣಿನಿಂದ ಗೋಡೆಯ ಕಡೆ ನೋಡಿದಳು. ಕ್ಯಾಲೆಂಡರಿನ ದೇವರು ಬರೀ ಕೆಂಪು ಹಳದಿಯ ಕಲೆಯಾಗಿ ಕಾಣುತ್ತಿದ್ದ. ಆಮೇಲೆ ಸಿಟ್ಟು ಎದ್ದು ಬಂತು, ಈ ಸಲ ಯಾರ ಮೇಲೆ ಎಂದು ಆಕೆಗೆ ಸರಿಯಾಗಿ ಗೊತ್ತಿತ್ತು.

"ಸಾವಕಾರ್ರ, ನಿಮ್ಮ ಬಾಯಿಗೆ ಮಣ್ಣು ಹಾಕ್ರಿ! ಒಂದ ವರ್ಷಾತು ಮಂದಿ ನನ್ನ ರೋಗದಾಕಿ ರೋಗದಾಕಿ ಅಂದ್ರು, ಸುಳ್ಳು ಅಂತ ಊರೆಲ್ಲಾ ಜಗಳಾ ಮಾಡೇನಿ. ಇವತ್ತ ಖರೆ ಐತಿ. ಖರೆ ಇದ್ದಾಗ ಬಾಯಿ ಮುಚ್ಕೊಂಡು ಕುಂತ್ರ ನನಗೂ ಹಾವೇರ್ಯಾಗ ಗದ್ದಕ್ಕ ಮಾಸ್ಕ್ ಹಾಕ್ಕೊಂಡಾಕಿಗೂ ಏನ ಫರಕ್ಕು? ಇಡ್ರಿ ಫೋನು!"

ಕನ್ನಡಕದ ಚೀಟಿಯ ಮೇಲೆ ಅಂಗಡಿಯ ನಂಬರಿತ್ತು. ಪುಷ್ಪಲತಾ ಒತ್ತಿ, ಫೋನನ್ನು ನೆಲದ ಮೇಲೆ ಅಮ್ಮನ ಕಡೆ ಜಾರಿಸಿದಳು. ಹೊರಗೆ ಸಂಜೆಯಾಗುತ್ತಿತ್ತು.

"ಹೇಳ್ರಿ ಅವ್ವಾರ, ಮನಿ ಮುಟ್ಟಿದ್ರೇನು?" ಫರ್ಹಾನಾಳ ದನಿಯಲ್ಲಿ ಇನ್ನೂ ಬೆಳಗಿನ ನಗು ಇತ್ತು.

"ನೀ ಮನಿಗೆ ಹ್ವಾದ್ಯೇನು?"

"ಇಲ್ರಿ, ಶಟರ್ ಎಳ್ಯಾಕತ್ತಿದ್ದೆ. ಯಾಕ್ರಿ?"

"ಹೋಗಬ್ಯಾಡ. ನಿಮ್ಮವ್ವನ ಹತ್ರ ಹೋಗಬ್ಯಾಡ. ನನಗ ಘಾಟು ಹತ್ತವಲ್ದು."

"ಏನಂದ್ರಿ?"

ರಾಣೇಬೆನ್ನೂರಿನ ಹುಡುಗಿಗೆ ಅದು ಹೇಗೆ ಅರ್ಥವಾಗಬೇಕು? ನೀಲಗಂಗವ್ವ ಬಿಡಿಸಿ ಹೇಳಿದಳು. "ವಾಸನಿ ಬರವಲ್ದು. ಖಾರ ಹುರದ್ರೂ ಬರವಲ್ದು. ಹೋಳಿಯಿಂದ ಬರವಲ್ದು ಅನಸ್ತೈತಿ. ಬಾಗಲಾಗ ನೀ ಕೇಳಿದಾಗ್ಲೂ ಬರತಿರಲಿಲ್ಲ. ನಾ ನೋಡ್ಕೊಳ್ಲಿಲ್ಲ."

ಆ ಕಡೆ ಶಟರು ಧಡಾರನೆ ಬಿಟ್ಟ ಸಪ್ಪಳ. ಆಮೇಲೆ ಮಾತು, ನೀಲಗಂಗವ್ವ ಅದುವರೆಗೆ ಕೇಳಿರದಂಥ ದನಿಯಲ್ಲಿ.

"ನಾ ಕೇಳಿದ್ನಿಲ್ರಿ? ಬಾಗಲಾಗ ನಿಂದ್ರಿಸಿ ಬಾಯಿಬಿಟ್ಟು ಕೇಳಿದ್ನಿಲ್ಲ? ಅಮ್ಮಗ ಕಿಡ್ನಿ ಸರಿ ಇಲ್ಲ ಅಂತ ಹೇಳಿದ್ನಿಲ್ಲ? ಮುಖದ ಮ್ಯಾಲಿನ ಹಾಳಿ ಎತ್ತಿ ನಿಮ್ಮ ಕಣ್ಣಾಗ ಕಣ್ಣಿಟ್ಟು ನೋಡಿದೆ ನಾನು! ಎಲ್ಲಾರೂ ಸುಳ್ಳ ಹೇಳ್ತಾರ, ನನಗ ಗೊತ್ತೈತಿ. ನಗುತ್ತ ಹೇಳ್ತಾರ. ನೀವು ಸಿಟ್ಟಾದ್ರಿ ಅಂತ ನಂಬಿದೆ. ಸಿಟ್ಟಾಗಾಕಿ ಸುಳ್ಳ ಹೇಳಾಂಗಿಲ್ಲ ಅಂತ ನಂಬಿದೆ! ನಮ್ಮಮ್ಮಗ ಏನರ ಆತು ಅಂದ್ರ ಯಾರ ಮುಖಾ ನೋಡ್ಲಿ ನಾನು? ಯಾರ ಮುಖಾ ನೋಡ್ಲಿ ಹೇಳ್ರಿ?"

ನೀಲಗಂಗವ್ವನ ಎದುರು ಹೀಗೆ ಯಾರೂ ಮಾತಾಡಿ ಉಳಿದದ್ದಿಲ್ಲ. ಗಂಡನೂ ಆಡಿರಲಿಲ್ಲ, ಅತ್ತೆಯೂ ಆಡಿ ಸೋತಿದ್ದಳು. ಪುಷ್ಪಲತಾ ಬಾಗಿಲಲ್ಲಿ ನಿಂತು ಅಮ್ಮ ಈಗ ಸ್ಫೋಟಿಸುತ್ತಾಳೆ, ಈಗ ಸ್ಫೋಟಿಸುತ್ತಾಳೆ ಎಂದು ಕಾಯುತ್ತಿದ್ದಳು. ನೀಲಗಂಗವ್ವ ತಲೆ ತಗ್ಗಿಸಿ, ನೆಲದ ಮೇಲಿನ ಫೋನಿನ ಮುಂದೆ ಕೈ ಮುಗಿದುಕೊಂಡು, ಬಂದ ಬೈಗಳನ್ನೆಲ್ಲ ಒಂದೂ ಬಿಡದೆ ಕೇಳಿಸಿಕೊಂಡಳು. ಕೊನೆಗೆ, "ಬೈ ಮಗಳ. ಇನ್ನಷ್ಟು ಬೈ. ಮನಿಗೆ ಮಾತ್ರ ಹೋಗಬ್ಯಾಡ" ಎಂದಳು.

ಫೋನು ಕಟ್ಟಾಯಿತು.

ಮರುದಿನದ ಟೆಸ್ಟಿನಲ್ಲಿ ಕೊರೊನಾ ಇದೆ ಎಂದೇ ಬಂತು. ಪುಷ್ಪಲತಾಳಿಗೂ ಬಂತು, ಹಗುರಾಗಿ ಹೋಯಿತು. ವಿಜಯಮಹಾಂತೇಶನ ಅಂಗಡಿಯನ್ನು ಕೆಲವು ದಿನ ಮುಚ್ಚಿಸಿದರು. ಅವನು ಎದುರು ಮನೆಯವರ ಮುಂದೆ ನೀಲಗಂಗವ್ವನ ಹೆಸರು ಹಿಡಿದು ಶಪಿಸಿ ಹೋದ. ಜೈತೂನಬಿ ಗೋಡೆಯ ಮೇಲೆ ರೊಟ್ಟಿಯ ಬುಟ್ಟಿ ಇಟ್ಟು ಹೋಗುತ್ತಿದ್ದಳು. ಯುಗಾದಿ ಬಂತು. ಬೇವೂ ಸಪ್ಪೆ, ಬೆಲ್ಲವೂ ಸಪ್ಪೆ. ಹನುಮಪ್ಪನಿಗೆ ಹೇಳಿದ್ದ ಎಣ್ಣೆಯ ಮಾತು ಬಂದಾಗ, "ಅವನ ಜೋಡಿ ನಾ ಆಮ್ಯಾಲ ಮಾತಾಡ್ತೇನಿ" ಎಂದು ಹಲ್ಲು ಕಡಿದಳು. ಆಕೆಗೆ ಬೇಕಾಗಿದ್ದ ಸುದ್ದಿ ಒಂದೇ. ಅದನ್ನು ಕೇಳಲು ಮಗಳಿಂದ ರಾಣೇಬೆನ್ನೂರಿಗೆ ಫೋನು ಮಾಡಿಸಿದರೆ ಯಾರೂ ಎತ್ತುತ್ತಿರಲಿಲ್ಲ. ಆಕೆ ದಿನಾ ಅದೇ ಕಂಬದ ಹತ್ತಿರ ಕೂತು ಕಾಯುತ್ತಿದ್ದಳು, ಮಸುಕಾದ ಕಣ್ಣಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಬಸ್ಸಿನವರ ಮುಷ್ಕರ ಮುಗಿದ ಮೇಲೆ, ಲಾಕ್‌ಡೌನ್ ಮತ್ತೆ ಬರುತ್ತದಂತೆ ಎಂದು ಜನ ಮಾತಾಡುತ್ತಿದ್ದಾಗ, ಒಂದು ಬೆಳಿಗ್ಗೆ ಆ ಕಡೆಯಿಂದಲೇ ಫೋನು ಬಂತು.

"ಕನ್ನಡಕ ಆಗೈತಿ. ಬಂದು ಒಯ್ರಿ."

"ನಿಮ್ಮವ್ವ?"

"ಅಮ್ಮ ಆರಾಮದಾಳ. ನಾ ಮನಿಗೆ ಹೋಗ್ಲಿಲ್ಲ. ಅಂಗಡ್ಯಾಗನ ಬಿದ್ದಿದ್ದೆ." ಮತ್ತೇನೂ ಹೇಳದೆ ಇಟ್ಟುಬಿಟ್ಟಳು. ನೀಲಗಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಓಣಿಯವರಿಗೆ ಅದು ಹೊಸ ದನಿಯಾಗಿತ್ತು.

ರಾಣೇಬೆನ್ನೂರಿನಲ್ಲಿ ಫರ್ಹಾನಾ ಒಂದು ಕುರ್ಚಿಯನ್ನು ಅಂಗಡಿಯ ಹೊರಗೆ, ಕಟ್ಟೆಯ ಮೇಲೆ ಹಾಕಿಟ್ಟಿದ್ದಳು. ಒಳಗೆ ಬರ್ರಿ ಅನ್ನಲಿಲ್ಲ. ನೀಲಗಂಗವ್ವ ಬಸ್ಸಿನಲ್ಲಿ ಕೂತು ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದಳು. ಹುಡುಗಿಯನ್ನು ಕಂಡದ್ದೇ ಎಲ್ಲ ಮರೆತುಹೋಯಿತು. ಕನ್ನಡಕದ ಡಬ್ಬಿಯನ್ನು ಒಂದು ತಟ್ಟೆಯಲ್ಲಿಟ್ಟು, ಕೈ ಚಾಚಿ ಕುರ್ಚಿಯ ಪಕ್ಕ ಇಟ್ಟು, ಹುಡುಗಿ ಹಿಂದೆ ಸರಿದಳು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ರಾಣೇಬೆನ್ನೂರಿನಲ್ಲಿ ಗದ್ದಲವೆದ್ದು ಹೋಗುತ್ತಿತ್ತು. ನೀಲಗಂಗವ್ವ ಕನ್ನಡಕ ತೆಗೆದು ಹಾಕಿಕೊಂಡಳು.

ಎದುರಿನ ಅಂಗಡಿಯ ಫಲಕ ಸ್ಪಷ್ಟವಾಗಿ ಕಂಡಿತು. ಅದರ ಮೇಲಿನ ಗುಬ್ಬಿಯೂ ಕಂಡಿತು. ಆದರೆ ತಲೆ ತಗ್ಗಿಸಿದ್ದೇ ಕನ್ನಡಕ ಮೂಗಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಕಾಯಿಲೆಯಲ್ಲಿ ಮುಖ ಇಳಿದುಹೋಗಿತ್ತು, ಕಡ್ಡಿಗಳು ಸಡಿಲಾಗಿದ್ದವು. ಮತ್ತೆ ಹಾಕಿಕೊಂಡಳು, ಮತ್ತೆ ಜಾರಿತು. ಕೈಯಿಂದ ಹಿಡಿದುಕೊಂಡು ಎದ್ದಳು. "ಇರ್ಲಿ ಬಿಡು ಮಗಳ, ನಾ ಹಿಂಗ ಹಿಡ್ಕೊಂಡ ಹೊಕ್ಕೇನಿ."

ಫರ್ಹಾನಾ ಬಾಗಿಲಲ್ಲಿ ಎರಡೂ ಕೈ ಕಟ್ಟಿಕೊಂಡು ನಿಂತಿದ್ದಳು. ಹುಬ್ಬು ಗಂಟಿಕ್ಕಿತ್ತು.

"ಹಿಡ್ಕೊಂಡು ಕಾಯಿ ಹೆಂಗ ಆರಿಸ್ತೀರಿ? ಕುಂದ್ರಿ ಅಲ್ಲೇ" ಎಂದಳು ಸಿಡುಕಿ. ಕೈ ತೊಳೆದಳು. ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು ಏರಿಸಿದಳು. ಹತ್ತಿರ ಬಂದು ಬಾಗಿ, ಕಡ್ಡಿಯನ್ನು ಕಿವಿಯ ಹಿಂದೆ ಬಗ್ಗಿಸತೊಡಗಿದಳು.

ಹೊಸ ಕನ್ನಡಕದಲ್ಲಿ, ಗೇಣು ದೂರದಲ್ಲಿ, ಆ ಮುಖ ಮೊದಲ ಸಲ ನೀಲಗಂಗವ್ವನಿಗೆ ಸ್ಪಷ್ಟವಾಗಿ ಕಂಡಿತು. ಕಣ್ಣ ಕೆಳಗೆ ಕಪ್ಪಾಗಿತ್ತು. ಮಾಸ್ಕಿನ ಬಟ್ಟೆ ಒಳಗೂ ಹೋಗುತ್ತಿರಲಿಲ್ಲ, ಹೊರಗೂ ಬರುತ್ತಿರಲಿಲ್ಲ. ಹುಡುಗಿ ಉಸಿರು ಬಿಗಿಹಿಡಿದಿದ್ದಳು. ಮನೆಯಲ್ಲಿರುವ ತಾಯಿಗಾಗಿ ಎಂದು ನೀಲಗಂಗವ್ವನಿಗೆ ತಿಳಿಯಿತು. ತಾನೂ ಮಾಸ್ಕಿನೊಳಗೆ ತುಟಿ ಬಿಗಿದಳು. ಎಡಗಡೆಯ ಕಡ್ಡಿ ಆಯಿತು, ಬಲಗಡೆಯದೂ ಆಯಿತು. ಹುಡುಗಿ ಕೈ ತೆಗೆದು, ತಿರುಗಿ, ಬಾಗಿಲ ಹೊಸ್ತಿಲು ದಾಟುವ ತನಕ ನೀಲಗಂಗವ್ವ ಉಸಿರು ಬಿಡಲಿಲ್ಲ.